ನಷ್ಟವನ್ನು ಸಂಬಳದಲ್ಲಿ ಮುರಿದುಕೊಳ್ಳುತ್ತೇನೆ ಎಂದರೆ: ಮಂಡಿ ಗುಮಾಸ್ತನೊಬ್ಬನ ಅನುಭವ

ದಾವಣಗೆರೆಯ ಹಾರ್ಡ್‌ವೇರ್ ಸಗಟು ಅಂಗಡಿಯೊಂದರಲ್ಲಿ ಲೆಕ್ಕ ನೋಡಿಕೊಳ್ಳುವ ಸಹೋದರಿಯೊಬ್ಬರು ಸಲಹೆ ಕೇಳಿದ್ದಾರೆ. ಒಂದೇ ಹೆಸರಿನ ಇಬ್ಬರು ಸರಬರಾಜುದಾರರಲ್ಲಿ ಒಬ್ಬರಿಗೆ ಸಲ್ಲಬೇಕಿದ್ದ 1,84,000 ರೂಪಾಯಿ ಇವರ ಕೈತಪ್ಪಿನಿಂದ ಹುಬ್ಬಳ್ಳಿಯ ಇನ್ನೊಬ್ಬರ ಖಾತೆಗೆ ಹೋಗಿದೆ. ಮಾಲೀಕರು ಅಷ್ಟೂ ಹಣ ತೀರುವವರೆಗೆ ತಿಂಗಳ 16,000 ರೂಪಾಯಿ ಸಂಬಳವನ್ನು ಕೊಡುವುದಿಲ್ಲ ಎಂದಿದ್ದಾರೆ, ಛಾಪಾ ಕಾಗದದ ಮೇಲೆ ಸಹಿಯನ್ನೂ ಒಂದು ಖಾಲಿ ಚೆಕ್ಕನ್ನೂ ಕೇಳಿದ್ದಾರೆ, ಒಪ್ಪದಿದ್ದರೆ ಪೊಲೀಸ್ ದೂರು ಕೊಡುವುದಾಗಿ ಹೆದರಿಸಿದ್ದಾರೆ. ಹಣ ಕಟ್ಟಲೇಬೇಕೇ, ಕೆಲಸ ಬಿಟ್ಟರೆ ಏನಾಗುತ್ತದೆ ಎಂಬುದು ಅವರ ಪ್ರಶ್ನೆ. ನಾನು ವಕೀಲನಲ್ಲ, ಇದೇ ಬಗೆಯ ಪೆಟ್ಟು ತಿಂದವನು.

2018ರ ಸುಗ್ಗಿಯಲ್ಲಿ ನಾನು ಎಪಿಎಂಸಿ ಯಾರ್ಡಿನ ಮೆಕ್ಕೆಜೋಳದ ಮಂಡಿಯೊಂದರಲ್ಲಿ 14,000 ರೂಪಾಯಿ ಸಂಬಳದ ಗುಮಾಸ್ತನಾಗಿದ್ದೆ. ಆವಕ ಹೆಚ್ಚಿದ್ದ ಒಂದು ಸಂಜೆ, ಹಮಾಲರು ಚೀಲ ಇಳಿಸುತ್ತಿರುವಾಗ, ಬೆವರಿಗೆ ಮೆತ್ತಗಾಗಿದ್ದ ತೂಕದ ಚೀಟಿಯಲ್ಲಿ 158.40 ಎಂದಿದ್ದ ನಿವ್ವಳ ತೂಕವನ್ನು ಬಿಲ್ಲಿನಲ್ಲಿ 185.40 ಎಂದು ಬರೆದೆ. ಅಂಕಿ ಎರಡು ಜಾಗ ಬದಲಾದವು, ಅಷ್ಟೇ. 27 ಕ್ವಿಂಟಲ್, ಕ್ವಿಂಟಲಿಗೆ 1,350ರಂತೆ 36,450 ರೂಪಾಯಿ ಹೆಚ್ಚಾಗಿ ಪಾವತಿಯಾಯಿತು. ಸಾಹುಕಾರರು ಬೈದರು, ಬೈಗುಳಕ್ಕೆ ನಾನು ಅರ್ಹನೇ ಆಗಿದ್ದೆ. ಆದರೆ ಆ ತಿಂಗಳಿನಿಂದಲೇ 5,000 ರೂಪಾಯಿ ಮುರಿದುಕೊಂಡು, ಮೂರನೆಯ ತಿಂಗಳು "ಉಳಿದದ್ದಕ್ಕೂ ನಾನೇ ಹೊಣೆ" ಎಂದು ಬರೆಸಿಕೊಂಡರು. ನಾಚಿಕೆಯಿಂದ ತಲೆ ತಗ್ಗಿಸಿದ್ದವನಿಗೆ ಓದುವ ಮನಸ್ಸೂ ಇರಲಿಲ್ಲ, ಸಹಿ ಹಾಕಿದೆ. ಯುಗಾದಿಗೆ ಮುಂಚೆ ಮಾರಿದವರ ಖಾತೆಯಲ್ಲಿ ಆ ಹೆಚ್ಚುವರಿ ಹಣ ಪೂರ್ತಿಯಾಗಿ ವಜಾ ಆಗಿರುವುದು ಲೆಡ್ಜರಿನಲ್ಲಿ ನನ್ನ ಕಣ್ಣಿಗೇ ಬಿತ್ತು. ಸಾಹುಕಾರರಿಗೆ ನಷ್ಟವೇ ಉಳಿದಿರಲಿಲ್ಲ, ನನ್ನ 15,000 ರೂಪಾಯಿ ಮಾತ್ರ ಹಿಂದಿರುಗಿರಲಿಲ್ಲ. ಕಾರ್ಮಿಕ ಇಲಾಖೆಯ ಕಚೇರಿಗೆ ಅರ್ಜಿ ಕೊಟ್ಟು ಎರಡು ಸಲ ಅಲೆದ ಮೇಲೆ, ಆದೇಶದವರೆಗೆ ಹೋಗದೆ, 11,000ಕ್ಕೆ ರಾಜಿಯಾಯಿತು. ನಾನೇ ಬರೆದುಕೊಟ್ಟಿದ್ದ ಆ ಕಾಗದ ಇಲ್ಲದಿದ್ದರೆ ಪೂರ್ತಿ ಹಣ ಬರುತ್ತಿತ್ತು ಎಂದು ಈಗಲೂ ಅನ್ನಿಸುತ್ತದೆ.

ಆದ್ದರಿಂದ ನಾನು ಹೇಳಬೇಕಾದ ಮುಖ್ಯ ಮಾತು ಒಂದೇ: ಮಾಲೀಕರ ಕಾಗದಕ್ಕೆ ಸಹಿ ಹಾಕುವ ಮೊದಲು ನಿಮ್ಮ ವಿವರಣೆಯನ್ನು ನೀವೇ ಬರೆದು ಕೊಡಿ. ಇದು ಕೇವಲ ಜಾಣತನದ ಮಾತಲ್ಲ, ಕಾನೂನೇ ನಿಮಗೆ ಕೊಟ್ಟಿರುವ ಅವಕಾಶ. ನನ್ನ ಕಾಲಕ್ಕೆ 1936ರ ವೇತನ ಪಾವತಿ ಕಾಯ್ದೆ ಇತ್ತು. 2025ರ ನವೆಂಬರ್ 21ರಿಂದ ಅದರ ಜಾಗದಲ್ಲಿ 2019ರ ವೇತನ ಸಂಹಿತೆ ಜಾರಿಗೆ ಬಂದಿದೆ. ಹಳೆಯ ಕಾಯ್ದೆಯ ರಕ್ಷಣೆ ತಿಂಗಳಿಗೆ 24,000 ರೂಪಾಯಿಯವರೆಗಿನ ವೇತನದವರಿಗೆ ಮಾತ್ರ ಸಿಗುತ್ತಿತ್ತು, ಹೊಸದರಲ್ಲಿ ಆ ಮಿತಿ ಇಲ್ಲ. ನೌಕರರ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿದ ಸರಕು ಹಾಳಾದರೆ ಅಥವಾ ಅವರು ಲೆಕ್ಕ ಒಪ್ಪಿಸಬೇಕಾದ ಹಣ ನಷ್ಟವಾದರೆ, ಆ ನಷ್ಟ ನೇರವಾಗಿ ಅವರ ನಿರ್ಲಕ್ಷ್ಯದಿಂದಲೇ ಆಗಿದ್ದರೆ ಮಾತ್ರ, ಸಂಬಳದಲ್ಲಿ ಕಡಿತ ಮಾಡಬಹುದು ಎಂದು 18ನೆಯ ಕಲಂ ಹೇಳುತ್ತದೆ. ಕಡಿತ ನಷ್ಟದ ಮೊತ್ತವನ್ನು ಮೀರಬಾರದು, ಕಾರಣ ಹೇಳಿಕೊಳ್ಳಲು ನೌಕರರಿಗೆ ಅವಕಾಶ ಕೊಡುವ ಮೊದಲು ಒಂದು ರೂಪಾಯಿಯನ್ನೂ ಮುರಿಯಬಾರದು, ಮುರಿದದ್ದನ್ನು ರಿಜಿಸ್ಟರಿನಲ್ಲಿ ದಾಖಲಿಸಬೇಕು ಎಂಬುದು 21ನೆಯ ಕಲಂ. ಇದಲ್ಲದೆ ಒಂದು ವೇತನ ಅವಧಿಯ ಎಲ್ಲ ಕಡಿತಗಳೂ ಸೇರಿ ಆ ಅವಧಿಯ ವೇತನದ ಅರ್ಧವನ್ನು ದಾಟುವಂತಿಲ್ಲ. 16,000ದಲ್ಲಿ ಪಿಎಫ್ ಸೇರಿ 8,000ಕ್ಕಿಂತ ಹೆಚ್ಚು ಮುರಿಯುವಂತಿಲ್ಲ ಎಂದಾಯಿತು. ಇಡೀ ಸಂಬಳ ತಡೆಹಿಡಿಯುತ್ತೇನೆ ಎಂಬ ಮಾತು ಅಲ್ಲಿಗೇ ಬಿದ್ದುಹೋಗುತ್ತದೆ.

ಈಗ ನಿಮ್ಮ ಪ್ರಕರಣದ ಎರಡು ಸಂಗತಿಗಳನ್ನು ನೀವು ಬರೆದಿದ್ದರೂ ಅವುಗಳ ತೂಕ ನಿಮಗೆ ತಿಳಿದಂತಿಲ್ಲ. ಪಾವತಿಯ ಓಟಿಪಿ ಮಾಲೀಕರ ಫೋನಿಗೆ ಬಂತು, ಅವರೇ ಅದನ್ನು ಓದಿ ಹೇಳಿದರು ಎಂದಿದ್ದೀರಿ. ಆ ಸಂದೇಶದಲ್ಲಿ ಸಾಮಾನ್ಯವಾಗಿ ಮೊತ್ತ ಇರುತ್ತದೆ, ಎಷ್ಟೋ ಬ್ಯಾಂಕುಗಳಲ್ಲಿ ಹಣ ಪಡೆಯುವವರ ಗುರುತೂ ಇರುತ್ತದೆ. ಎರಡನೆಯ ಕಣ್ಣಾಗಿ ನೋಡಬೇಕಾದವರು ನೋಡದೆ ಒಪ್ಪಿಗೆ ಕೊಟ್ಟಿರುವಾಗ, ನಷ್ಟ ನೇರವಾಗಿ ನಿಮ್ಮೊಬ್ಬರಿಂದಲೇ ಆಯಿತು ಎಂದು ಸಾಧಿಸುವುದು ಅವರಿಗೆ ಸುಲಭವಲ್ಲ. ಎರಡನೆಯದಾಗಿ, ಹುಬ್ಬಳ್ಳಿಯವರಿಗೆ ನಿಮ್ಮ ಅಂಗಡಿಯಿಂದ 60,000 ರೂಪಾಯಿ ಹಳೆಯ ಬಾಕಿ ಇತ್ತು, ಅವರು ಅದಕ್ಕೆ ಜಮಾ ಮಾಡಿಕೊಂಡಿದ್ದಾರೆ ಎಂದಿದ್ದೀರಿ. ಹಾಗಿದ್ದರೆ ಮಾಲೀಕರ ಸಾಲವೇ ಅಷ್ಟು ತೀರಿದೆ; ಅದನ್ನು ನಷ್ಟ ಎನ್ನುವುದು ಹೇಗೆ? ಉಳಿದ 1,24,000 ಕೂಡ ಮೊದಲು ಪಡೆದವರಿಂದ ಬರಬೇಕಾದ ಹಣ. ತಪ್ಪಾಗಿ ಬಂದ ಹಣವನ್ನು ಪಡೆದವರು ಹಿಂದಿರುಗಿಸಬೇಕು ಎಂದು 1872ರ ಕರಾರು ಕಾಯ್ದೆಯ 72ನೆಯ ಕಲಂ ಹೇಳುತ್ತದೆ. ಅವರಿಗೆ ನೋಟಿಸ್ ಕೊಡದೆ, ಬ್ಯಾಂಕಿಗೆ ಲಿಖಿತ ದೂರು ಕೊಡದೆ, ಹತ್ತಿರದಲ್ಲಿ ಸಿಗುವ ನಿಮ್ಮ ಕೊರಳಿಗೆ ಕೈ ಹಾಕುವುದು ಸರಿಯಲ್ಲ. ಬ್ಯಾಂಕಿಗೆ ಕೊಡಬೇಕಾದ ಪತ್ರದ ಕರಡನ್ನು ನೀವೇ ತಯಾರಿಸಿ ಮಾಲೀಕರ ಮುಂದಿಡಿ. ನಷ್ಟ ಕಡಿಮೆ ಮಾಡಲು ಯತ್ನಿಸಿದವರು ಯಾರು ಎಂಬುದಕ್ಕೆ ಮುಂದೆ ಅದೇ ಸಾಕ್ಷಿಯಾಗುತ್ತದೆ.

ಖಾಲಿ ಚೆಕ್ಕನ್ನಂತೂ ಕೊಡಲೇಬೇಡಿ. ಚಿತ್ರದುರ್ಗದಲ್ಲಿ ಸರಕು ವಾಹನ ಓಡಿಸುತ್ತಿದ್ದ ನನ್ನ ಭಾವಮೈದುನ ಅಪಘಾತವಾದಾಗ ಹೀಗೊಂದು ಚೆಕ್ಕು ಕೊಟ್ಟಿದ್ದ. ವಾಹನದ ದುರಸ್ತಿಗೆ ವಿಮೆಯ ಹಣ ಬಂದರೂ ಚೆಕ್ಕು ವಾಪಸಾಗಲಿಲ್ಲ. ಅವನು ಕೆಲಸ ಬಿಟ್ಟ ಮೇಲೆ ಅದರಲ್ಲಿ ಮೊತ್ತ ತುಂಬಿ ಬ್ಯಾಂಕಿಗೆ ಹಾಕಿದರು. ಸಹಿ ತನ್ನದೆಂದು ಒಪ್ಪಿಕೊಂಡ ಮೇಲೆ, ಚೆಕ್ಕು ಸಾಲ ತೀರಿಸಲೆಂದೇ ಕೊಟ್ಟದ್ದು ಎಂದು ನ್ಯಾಯಾಲಯ ಊಹಿಸಿಕೊಳ್ಳುತ್ತದೆ. ಖಾಲಿ ಚೆಕ್ಕಿಗೂ ಇದು ಅನ್ವಯ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಅಂದರೆ ಸಾಲ ಇಲ್ಲ ಎಂದು ತೋರಿಸುವ ಭಾರ ಕೊಟ್ಟವರ ಮೇಲೆ ಬೀಳುತ್ತದೆ. ಅವನ ಪ್ರಕರಣ ಇನ್ನೂ ನಡೆಯುತ್ತಿದೆ.

ಪೊಲೀಸರ ಹೆದರಿಕೆಗೆ ಹೆಚ್ಚು ಬೆಲೆ ಕೊಡಬೇಕಿಲ್ಲ. ನಂಬಿಕೆ ದ್ರೋಹದ ಅಪರಾಧಕ್ಕೆ ಅಪ್ರಾಮಾಣಿಕ ಉದ್ದೇಶ ಬೇಕು. ಹೆಸರುಗಳ ಪಟ್ಟಿಯಲ್ಲಿ ಒಂದು ಸಾಲಿನ ಬದಲು ಇನ್ನೊಂದನ್ನು ಆರಿಸಿದ್ದು ಅದಾಗುವುದಿಲ್ಲ. ಠಾಣೆಗೆ ಕರೆದರೆ ಜೊತೆಗೆ ಒಬ್ಬರನ್ನು ಕರೆದುಕೊಂಡು, ಅದೇ ಲಿಖಿತ ವಿವರಣೆಯ ಪ್ರತಿ ಹಿಡಿದುಕೊಂಡು ಹೋಗಿ.

ಕೆಲಸ ಬಿಡುವ ವಿಚಾರದಲ್ಲಿ ನನಗೆ ಅಷ್ಟು ಆತುರ ಕಾಣುವುದಿಲ್ಲ. ರಾಜೀನಾಮೆ ಕೊಟ್ಟರೆ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಕೊಡಬೇಕು ಎಂದು ಹೊಸ ಸಂಹಿತೆ ಹೇಳುತ್ತದೆ, ಪಿಎಫ್ ಖಾತೆಯ ಹಣವನ್ನು ಅವರು ಮುಟ್ಟುವಂತಿಲ್ಲ. ಆದರೆ ಬಿಟ್ಟ ಮಾತ್ರಕ್ಕೆ ಅವರ ವಾದ ಮುಗಿಯುವುದಿಲ್ಲ. ಸಿವಿಲ್ ದಾವೆ ಹೂಡುವ ದಾರಿ ಅವರಿಗೆ ಇದ್ದೇ ಇದೆ, ಅಲ್ಲಿ ನಿಮ್ಮ ನಿರ್ಲಕ್ಷ್ಯವನ್ನೂ ನಷ್ಟದ ಮೊತ್ತವನ್ನೂ ಅವರೇ ಸಾಬೀತು ಮಾಡಬೇಕಾಗುತ್ತದೆ. ಬಿಡುವುದೇ ಆದರೆ, ಅಂಗಡಿಯ ಕಂಪ್ಯೂಟರ್ ಕೈತಪ್ಪುವ ಮೊದಲು ನಿಮ್ಮ ಸಂಬಳದ ಚೀಟಿ, ಮಾಲೀಕರ ವಾಟ್ಸಾಪ್ ಸಂದೇಶ, ಓಟಿಪಿ ಕೇಳಿದ ಕರೆಯ ಸಮಯ ಇವುಗಳನ್ನು ತೆಗೆದಿಟ್ಟುಕೊಳ್ಳಿ.

ಈ ತಿಂಗಳ ಸಂಬಳ ಬರದಿದ್ದರೆ ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಬಹುದು. ಹಳೆಯ ಕಾಯ್ದೆಯಲ್ಲಿ ಇದಕ್ಕೆ 12 ತಿಂಗಳ ಗಡುವಿತ್ತು, ಈಗ ಮೂರು ವರ್ಷ. ಕ್ಲೇಮಿನ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರವೂ ಅಲ್ಲಿದೆ, ಸಲ್ಲಬೇಕಾದ್ದನ್ನು ಕೊಟ್ಟಿದ್ದೇವೆ ಎಂದು ತೋರಿಸುವ ಭಾರ ಮಾಲೀಕರದು. ವಕೀಲರ ಶುಲ್ಕದ ಚಿಂತೆ ಬೇಡ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ, 15100ಕ್ಕೆ ಕರೆ ಮಾಡಿಯೂ ಕೇಳಬಹುದು.

ವಿವರಣೆಯ ಪತ್ರ ಒಂದು ಪುಟ ಸಾಕು. ತಪ್ಪು ಹೇಗಾಯಿತು, ಗೊತ್ತಾದ ಕೂಡಲೇ ಯಾರಿಗೆ ಹೇಳಿದಿರಿ, ಓಟಿಪಿ ಯಾರು ಕೊಟ್ಟರು, ಹುಬ್ಬಳ್ಳಿಯವರು ಏನೆಂದರು ಎಂಬುದಷ್ಟೇ ಇರಲಿ. "ಕ್ಷಮಿಸಿ" ಎಂದು ಬರೆದರೆ ಅಡ್ಡಿಯಿಲ್ಲ, "ತುಂಬಿಕೊಡುತ್ತೇನೆ" ಎಂದು ಮಾತ್ರ ಬರೆಯಬೇಡಿ. ಕೈಯಲ್ಲಿ ತೆಗೆದುಕೊಳ್ಳಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿಯನ್ನು ಅಂಗಡಿಯಲ್ಲಿ ಇಡದೆ ಮನೆಯಲ್ಲಿಡಿ. ಹುಬ್ಬಳ್ಳಿಯವರು ಬಾಕಿಗೆ ಜಮಾ ಮಾಡಿಕೊಂಡದ್ದನ್ನು ಫೋನಿನಲ್ಲಿ ಹೇಳಿದರೋ ಬರೆದು ಕಳಿಸಿದರೋ ಎಂಬುದನ್ನು ನೀವು ತಿಳಿಸಿಲ್ಲ. ಬರಹದಲ್ಲಿ ಇಲ್ಲದಿದ್ದರೆ ಅವರಿಂದ ಖಾತೆಯ ಉತಾರವನ್ನು ನಾಳೆಯೇ ತರಿಸಿಕೊಳ್ಳಿ.