ಸ್ಮಾಗ್‌ಗೆ ಎಲ್ಲಾ ಕಡೆ ಹೊಂಜು ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಕೈಗಾರಿಕೆಗಳು ಬಂದಮೇಲೆ ನಗರಗಳ ಗಾಳಿ ಹೇಗೆ ಕೆಡ್ತಾ ಹೋಯ್ತು ಅನ್ನೋದರ ಬಗ್ಗೆ ಬರೀತಾ ಇದ್ದೀನಿ, ಸ್ಮಾಗ್ ಅನ್ನೋ ಪದದ ಹತ್ರ ಬಂದು ನಿಂತಿದೀನಿ. ಕನ್ನಡದಲ್ಲಿ ಹೊಗೆಮಂಜು ಅಂತಾರೆ, ಹೊಂಜು ಅಂತಲೂ ಬಳಸ್ತಾರೆ. ನಂಗೆ ಹೊಂಜು ಇಷ್ಟ, ಚಿಕ್ಕದು, ಬಾಯಲ್ಲಿ ಸಲೀಸಾಗಿ ಬರತ್ತೆ. ಇಂಗ್ಲಿಷಿನಲ್ಲೂ ಸ್ಮೋಕು ಫಾಗು ಎರಡನ್ನ ಬೆಸೆದೇ ಮಾಡಿದ್ದು, 1905ರಲ್ಲಿ ಲಂಡನ್ನಿನಲ್ಲಿ ಕಲ್ಲಿದ್ದಲ ಹೊಗೆ ವಿರುದ್ಧ ಕೆಲಸ ಮಾಡ್ತಿದ್ದ ಒಬ್ಬ ಡಾಕ್ಟರು ಅದನ್ನ ಚಾಲ್ತಿಗೆ ತಂದರು.

ಲಂಡನ್ನಿಗೆ ಹೊಂಜು ಸರಿಯಾಗೇ ಕೂರತ್ತೆ. 1952ರ ಡಿಸೆಂಬರ್ 5ರಿಂದ 9ರವರೆಗೆ ಅಲ್ಲಿ ಆದದ್ದು ಅಕ್ಷರಶಃ ಹೊಗೆ ಮತ್ತು ಮಂಜು: ಮನೆಮನೆಯ ಒಲೆ, ಫ್ಯಾಕ್ಟರಿ, ಪವರ್ ಸ್ಟೇಷನ್ ಎಲ್ಲದರ ಕಲ್ಲಿದ್ದಲ ಹೊಗೆ ಮೇಲಕ್ಕೆ ಹೋಗೋಕಾಗದೆ, ಯಾಕಂದ್ರೆ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದ ಥರ ಕೂತಿತ್ತು, ಕೆಳಗಿನ ತಣ್ಣನೆ ಮಂಜಿನಲ್ಲೇ ಸಿಕ್ಕಿಕೊಳ್ತು, ಗಂಧಕದ ಡೈಆಕ್ಸೈಡು ಆ ಹನಿಗಳಲ್ಲಿ ಆಸಿಡ್ ಆಯ್ತು. ಸುಮಾರು 4,000 ಜನ ಸತ್ತರು ಅಂತ ಮೊದಲು ಲೆಕ್ಕ ಹಾಕಿದ್ರು, ಆಮೇಲಿನ ಸಂಶೋಧಕರು ಮುಂದಿನ ವಾರಗಳ ಸಾವನ್ನೂ ಸೇರಿಸಿ 12,000ದ ಹತ್ರ ಅಂದ್ರು. 1956ರಲ್ಲಿ ಇಂಥ ಹೊಗೆ ತಡೆಯೋಕೆ ಕಾನೂನೂ ಬಂತು.

ತೊಡಕು ಇರೋದು ಲಾಸ್ ಏಂಜಲೀಸ್‌ನಲ್ಲಿ. ಅಲ್ಲಿಯದ್ದಕ್ಕೂ ಸ್ಮಾಗ್ ಅಂತಲೇ ಹೆಸರು, ಆದರೆ ಅದರಲ್ಲಿ ಮಂಜೂ ಬೇಕಾಗಿಲ್ಲ, ಕಲ್ಲಿದ್ದಲ ಹೊಗೆಯೂ ಬೇಕಾಗಿಲ್ಲ, ಬೇಕಾಗಿರೋದು ಚೆನ್ನಾಗಿರೋ ಬಿಸಿಲು! 1943ರಲ್ಲಿ ಜನರ ಕಣ್ಣು ಉರಿಯೋಕೆ ಶುರುವಾದಾಗ ಎಲ್ಲರೂ ಹೊಗೆ ಬಿಡೋರನ್ನೇ ಹುಡುಕಿದ್ರು, ಸಿಂಥೆಟಿಕ್ ರಬ್ಬರಿಗೆ ಕಚ್ಚಾವಸ್ತು ಮಾಡ್ತಿದ್ದ ಒಂದು ಪ್ಲಾಂಟನ್ನ ಸ್ವಲ್ಪ ಕಾಲ ಮುಚ್ಚಿಸಿದ್ದೂ ಆಯ್ತು, ಮಬ್ಬು ಹೋಗಲಿಲ್ಲ. 1950ರ ದಶಕದ ಶುರುವಿನಲ್ಲಿ ಹಾಗೆನ್-ಸ್ಮಿಟ್ ಅನ್ನೋ ವಿಜ್ಞಾನಿ ತೋರಿಸಿಕೊಟ್ಟರು: ಕಾರುಗಳಿಂದ, ತೈಲ ಶುದ್ಧೀಕರಣ ಘಟಕಗಳಿಂದ ಬರೋ ಹೈಡ್ರೋಕಾರ್ಬನ್ನು (ಅಂದ್ರೆ ಪೆಟ್ರೋಲಿನಂಥ ಇಂಧನದ ಆವಿ), ನೈಟ್ರೋಜನ್ ಆಕ್ಸೈಡು ಬಿಸಿಲಲ್ಲಿ ಸೇರಿ ಓಜೋನ್ ಆಗತ್ತೆ. ಆ ಊರಲ್ಲಿ ರಬ್ಬರ್ ಸಾಮಾನುಗಳು ಬಿರುಕು ಬಿಡ್ತಿದ್ದದ್ದೂ ಈ ಓಜೋನಿನಿಂದಲೇ.

ಇದಕ್ಕೂ ಹೊಂಜು ಅಂದ್ರೆ ಓದೋರಿಗೆ ಚಳಿಗಾಲದ ಬೆಳಿಗ್ಗೆ, ಚಿಮಣಿ ಇವೇ ಕಣ್ಣಿಗೆ ಬರತ್ತೆ, ನಿಜವಾದ ಕಾರಣ ತಪ್ಪಿಹೋಗತ್ತೆ. ಸ್ಕೂಲು ಪುಸ್ತಕದ ದ್ಯುತಿರಾಸಾಯನಿಕ ಹೊಗೆಮಂಜು ಅನ್ನೋದು ಪರೀಕ್ಷೆಗೆ ಓಕೆ, ಜನ ಆಡೋ ಮಾತಲ್ಲ. ಬಿಸಿಲುಮಬ್ಬು ಅನ್ನಬಹುದಾ ಅಂತ ನನ್ನ ಯೋಚನೆ, ಆದ್ರೆ ಅದನ್ನ ಬೇಸಿಗೆಯ ಝಳ ಅಂತ ತಿಳ್ಕೊಳ್ಳೋ ಅಪಾಯ ಇದೆ. ವಿಷಮಬ್ಬು ಅಂದ್ರೆ ಬಿಸಿಲಿನ ಪಾತ್ರವೇ ಬಿಟ್ಟುಹೋಗತ್ತೆ. ಎರಡಕ್ಕೂ ಬೇರೆಬೇರೆ ಪದ ಬೇಕು ಅನ್ನೋದು ಮಾತ್ರ ನಂಗೆ ಖಚಿತ, ಯಾಕಂದ್ರೆ ಒಂದಕ್ಕೆ ಕಲ್ಲಿದ್ದಲು ನಿಲ್ಲಿಸಬೇಕು, ಇನ್ನೊಂದಕ್ಕೆ ವಾಹನಗಳ ಕಡೆ ನೋಡಬೇಕು.

ಜೊತೆಗೆ ಕ್ರಿಯಾಪದದ ಪ್ರಶ್ನೆಯೂ ಇದೆ. ಮಂಜು ಬೀಳತ್ತೆ, ಹೊಗೆ ಏಳತ್ತೆ. ಹೊಂಜು ಏನು ಮಾಡತ್ತೆ? ನಾನು ಸದ್ಯಕ್ಕೆ ಹೊಂಜು ಕವಿಯಿತು ಅಂತ ಬರೆದಿದ್ದೀನಿ. ಮುಸುಕಿತು, ಇಳಿಯಿತು ಅಂತ ನಿಮ್ಮ ಕಡೆ ಯಾರಾದ್ರೂ ಆಡೋದು ಕೇಳಿದ್ರೆ ದಯವಿಟ್ಟು ಆ ವಾಕ್ಯ ಪೂರ್ತಿ ಬರೆದು ತಿಳಿಸಿ.