ದಾವಣಗೆರೆಯಿಂದ ಕೊರಿಯಾಕ್ಕೆ ಓದಲು: ಏಜೆಂಟ್ ಹೇಳೋ ನಾಲ್ಕು ಲಕ್ಷದ ಲೆಕ್ಕ ಸರಿನಾ?

ಎಂಸಿಸಿ ಬಿ ಬ್ಲಾಕ್

ಮಗಳು ದ್ವಿತೀಯ ಪಿಯುಸಿ, ಪಿಸಿಎಂಸಿ. ಮಗ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜಲ್ಲಿ ಇ ಅಂಡ್ ಸಿ (ಎಲೆಕ್ಟ್ರಾನಿಕ್ಸ್) ಕೊನೆ ವರ್ಷ. ಇಬ್ಬರದೂ ಕೊರಿಯಾ ಹಟ. "ವರ್ಷಕ್ಕೆ ನಾಲ್ಕು ಲಕ್ಷ, ಪಾರ್ಟ್‌ಟೈಮ್ ಕೆಲಸದಲ್ಲೇ ಖರ್ಚು ಕಳೀತದೆ" ಅಂತಾನೆ ಏಜೆಂಟ್. ಬಲ್ಲವರು ಲೆಕ್ಕ ಬಿಡಿಸಿ ಹೇಳ್ರಿ.

ಒನಕೆ ಕಿಂಡಿ

ಸರ್, 10 ಲಕ್ಷ ವೋನ್ ಅಂದ್ರೆ ಅಂದಾಜು 60ರಿಂದ 65 ಸಾವಿರ ರೂಪಾಯಿ. ಇದನ್ನ ತಲೇಲಿ ಇಟ್ಕೊಳ್ಳಿ.

ಪುಸಾನ್ ನ್ಯಾಷನಲ್, ಕ್ಯುಂಗ್‌ಪುಕ್ ನ್ಯಾಷನಲ್ ಥರದ ಸರ್ಕಾರಿ ವಿವಿಗಳಲ್ಲಿ ಸೆಮಿಸ್ಟರ್‌ಗೆ ಸುಮಾರು 20ರಿಂದ 30 ಲಕ್ಷ ವೋನ್. ರಾಜಧಾನಿ ಸೋಲ್‌ನ ದೊಡ್ಡ ಖಾಸಗಿ ವಿವಿಗಳಲ್ಲಿ ಇಂಜಿನಿಯರಿಂಗ್‌ಗೆ 50 ಲಕ್ಷ ದಾಟುತ್ತೆ. ಅಂದ್ರೆ ನಾಲ್ಕು ಲಕ್ಷ ರೂಪಾಯಿ ಸರ್ಕಾರಿ ವಿವಿಯ ಫೀಸಿಗೆ ಸಾಕು, ಊಟ-ವಸತಿಗಲ್ಲ. ಅದಕ್ಕೆ ಸೋಲ್‌ನಲ್ಲಿ ತಿಂಗಳಿಗೆ ಇನ್ನೂ 8–10 ಲಕ್ಷ ವೋನ್ ಬೇಕು.

ಏಜೆಂಟ್ ನುಂಗಿಬಿಡೋ ವಿಷಯ ಒಂದಿದೆ. ಪದವಿ ಹಂತದ ಪಾಠ ಬಹುತೇಕ ಕಡೆ ಕೊರಿಯನ್‌ನಲ್ಲೇ. ಸೇರೋಕೆ ಸಾಮಾನ್ಯವಾಗಿ ಟೊಪಿಕ್ ಭಾಷಾ ಪರೀಕ್ಷೆಯ 3ನೇ ಹಂತ, ಪದವಿ ಕೈಗೆ ಬರೋಕೆ 4ನೇ ಹಂತ. ಭಾಷೆ ಕಲಿಯದೆ ಹೋದ್ರೆ ಮೊದಲ ವರ್ಷ ಭಾಷಾ ಕೇಂದ್ರದಲ್ಲೇ ಕಳೀತದೆ: 10 ವಾರದ ನಾಲ್ಕು ಅವಧಿ, ಒಂದೊಂದಕ್ಕೆ 13ರಿಂದ 18 ಲಕ್ಷ ವೋನ್. ನಾಲ್ಕು ವರ್ಷದ ಡಿಗ್ರಿ ಐದಾಗೋದು ಹೀಗೆ. ಮಗಳು ಇಲ್ಲೇ ಕೂತು 3ನೇ ಹಂತ ಮುಗಿಸಿದ್ರೆ ಆ ದುಡ್ಡು ಉಳೀತು. ಟೊಪಿಕ್ ಅಂಕಪಟ್ಟಿಗೆ ಎರಡೇ ವರ್ಷ ಆಯಸ್ಸು, ತೀರಾ ಮೊದಲೇ ಬರೆಸಬೇಡಿ.

ಗಣಿತ, ಭೌತಶಾಸ್ತ್ರ ನಿಜಕ್ಕೂ ಗಟ್ಟಿ ಇದ್ರೆ ಡೇಜಾನ್ ನಗರದ ಕೈಸ್ಟ್ ಅನ್ನೋ ವಿಜ್ಞಾನ-ತಂತ್ರಜ್ಞಾನ ವಿವಿಗೆ ಅರ್ಜಿ ಹಾಕಿಸಿ. ಪಾಠ ಇಂಗ್ಲಿಷ್‌ನಲ್ಲಿ. ವಿದೇಶಿ ವಿದ್ಯಾರ್ಥಿಗಳಿಗೆ ಫೀಸು ಮನ್ನಾ ಮಾಡೋ ಸ್ಕಾಲರ್‌ಶಿಪ್ಪೂ ಇದೆ.

ಬೆಣ್ಣೆದೋಸೆ 577002

ಮಗನ ದಾರಿಯೇ ಬೇರೆ ಸರ್. ಅವನಿಗೆ ಎಂ.ಎಸ್. ಮಾಡಿಸಿ, ಇನ್ನೊಂದು ಪದವಿಗೆ ದುಡ್ಡು ಸುರೀಬೇಡಿ. ಅಲ್ಲಿ ಇಂಜಿನಿಯರಿಂಗ್ ಸ್ನಾತಕೋತ್ತರ ನಡೆಯೋದು ಪ್ರೊಫೆಸರ್‌ರ ಲ್ಯಾಬ್ ಸುತ್ತ. ಅರ್ಜಿಗೆ ಮುಂಚೆಯೇ ಲ್ಯಾಬ್‌ಗೆ ಮೇಲ್ ಹಾಕಬೇಕು. ಪ್ರೊಫೆಸರ್ ಒಪ್ಪಿದ್ರೆ ಎಷ್ಟೋ ಕಡೆ ಫೀಸು, ಭತ್ಯೆ ಪ್ರಾಜೆಕ್ಟ್ ದುಡ್ಡಲ್ಲೇ ಸಿಗುತ್ತೆ. ಒಂದೇ ಮೇಲ್ ಐವತ್ತು ಜನಕ್ಕೆ ಹೋದ್ರೆ ಉತ್ತರ ಬರಲ್ಲ. ಅವರದೇ ಪೇಪರ್ ಓದಿ, ತನ್ನ ಪ್ರಾಜೆಕ್ಟ್ ಅದಕ್ಕೆ ಎಲ್ಲಿ ಕೂಡುತ್ತೆ ಅಂತ ನಾಲ್ಕು ಸಾಲು ಬರೆದ್ರೆ ಸಾಕು.

ಜತೆಗೆ ಕೊರಿಯಾ ಸರ್ಕಾರದ ಜಿಕೆಎಸ್ ಸ್ಕಾಲರ್‌ಶಿಪ್ ಇದೆ. ಸ್ನಾತಕೋತ್ತರಕ್ಕೆ ಅರ್ಜಿ ಫೆಬ್ರವರಿ-ಮಾರ್ಚ್ ಸುಮಾರಿಗೆ, ಪದವಿಗೆ ಸೆಪ್ಟೆಂಬರ್-ಅಕ್ಟೋಬರ್. ಅಂಕ ಕನಿಷ್ಠ ಶೇ 80 ಇರಲೇಬೇಕು. ಫೀಸು, ವಿಮಾನ, ತಿಂಗಳ ಭತ್ಯೆ, ಒಂದು ವರ್ಷದ ಭಾಷಾ ಕೋರ್ಸ್ ಎಲ್ಲಾ ಅವರದೇ ಖರ್ಚು. ರಾಯಭಾರ ಕಚೇರಿ ಮೂಲಕ ಒಂದು ದಾರಿ, ವಿವಿ ಮೂಲಕ ಇನ್ನೊಂದು. ಎರಡರಲ್ಲೂ ಹಾಕಿದ್ರೆ ಅರ್ಜಿಯೇ ರದ್ದು.

ಎಂಸಿಸಿ ಬಿ ಬ್ಲಾಕ್

ಕಾಗದಪತ್ರ? ಪಾರ್ಟ್‌ಟೈಮ್?

ಒನಕೆ ಕಿಂಡಿ

ನಮ್ಮ ಕಡೆಯವರು ಎಡವೋದು ಹೆಸರಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅದೇ ಬಿಡಿಸಿದ ಪೂರ್ತಿ ಹೆಸರು. ಇಬ್ಬರೂ ಒಬ್ಬರೇ ಅನ್ನೋ ಅಫಿಡವಿಟ್ ಮೊದಲೇ ಮಾಡಿಸಿ. ಅಂಕಪಟ್ಟಿಗಳಿಗೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ (ದಾಖಲೆ ಅಸಲಿ ಅಂತ ಹೊರದೇಶಕ್ಕೆ ಹೇಳೋ ಮುದ್ರೆ) ಬೇಕು. ಲ್ಯಾಮಿನೇಷನ್ ಮಾಡಿಸಿದ್ರೆ ಮುದ್ರೆ ಹಾಕಲ್ಲ. ಜನನ ಪತ್ರ ಬರೀ ಕನ್ನಡದಲ್ಲಿದ್ರೆ ಇಂಗ್ಲಿಷ್ ಅನುವಾದ, ನೋಟರಿ.

ಡಿಗ್ರಿ, ಎಂ.ಎಸ್. ಓದೋರಿಗೆ ವೀಸಾ ಡಿ-2. 2023ರಿಂದ ಬ್ಯಾಂಕ್‌ನಲ್ಲಿ 2 ಕೋಟಿ ವೋನ್ ತೋರಿಸಬೇಕು, ಸೋಲ್ ಸುತ್ತಲಿನ ಪ್ರದೇಶ ಬಿಟ್ಟು ಹೊರಗಿನ ವಿವಿ ಆದ್ರೆ 1.6 ಕೋಟಿ. ಹಿಂದಿನ ವಾರ ಸಾಲ ತಂದು ತುಂಬಿದ ದುಡ್ಡು ನೋಡಿದ ಕೂಡಲೇ ಗೊತ್ತಾಗುತ್ತೆ. ಭಾರತದವರು ಕ್ಷಯ ಇಲ್ಲ ಅನ್ನೋ ಪತ್ರವನ್ನೂ ನಿಗದಿ ಮಾಡಿದ ಆಸ್ಪತ್ರೆಯಿಂದಲೇ ತರಬೇಕು. ಊರಿನ ಲ್ಯಾಬ್ ವರದಿ ನಡೆಯಲ್ಲ. ಅಲ್ಲಿ ಇಳಿದ ಮೇಲೆ 90 ದಿನದೊಳಗೆ ವಿದೇಶಿಯರ ನೋಂದಣಿ.

ಪಾರ್ಟ್‌ಟೈಮ್‌ಗೆ ವಲಸೆ ಕಚೇರಿ ಅನುಮತಿ ಮೊದಲು. ಪದವಿಯ ಮೊದಲೆರಡು ವರ್ಷ ಟೊಪಿಕ್ 3ನೇ ಹಂತ ಇದ್ರೆ ವಾರಕ್ಕೆ 25 ಗಂಟೆ, ಇಲ್ದಿದ್ರೆ 10. 2025ರ ಕನಿಷ್ಠ ಕೂಲಿ ಗಂಟೆಗೆ 10,030 ವೋನ್. ಹತ್ತು ಗಂಟೆ ಲೆಕ್ಕದಲ್ಲಿ ತಿಂಗಳಿಗೆ 4 ಲಕ್ಷ ವೋನ್, ಅಂದ್ರೆ ಇಪ್ಪತ್ತೈದು ಸಾವಿರ ರೂಪಾಯಿ. ರೂಮ್ ಬಾಡಿಗೆಗೆ ಸರಿಹೋಗುತ್ತೆ. ಭಾಷಾ ಕೋರ್ಸಿನ ಡಿ-4 ವೀಸಾ ಆದ್ರೆ ಮೊದಲ ಆರು ತಿಂಗಳು ಅದೂ ಇಲ್ಲ. ಮತ್ತೆ ಪಾರ್ಟ್‌ಟೈಮ್‌ನಲ್ಲೇ ಖರ್ಚು ಹೇಗೆ ಕಳೀತದೆ ಅಂತ ಏಜೆಂಟ್‌ನ್ನ ಕೇಳಿ ನೋಡಿ ಸರ್.