ಛತ್ತಿನ ಒಳಮೈ, ಅನುರಣನ, ಮೇಲ್ಕಟ್ಟು: ಬಲ್ಲವರಲ್ಲಿ ಒಂದು ಕೇಳಿಕೆ

ಮನೆಯ ಕೋಣೆಯಲ್ಲಿಯೇ ತತ್ವಪದ, ವಚನಗಳನ್ನು ಹಾಡಿ ಧ್ವನಿಮುದ್ರಿಸಿಕೊಳ್ಳುವವರು ಕಲಬುರಗಿಯಲ್ಲಿ ಈಗ ಅಪರೂಪವೇನಲ್ಲ. ದನಿ ಕಲಸಿಕೊಳ್ಳದಂತೆ ಅಂಥ ಕೋಣೆಯ ಛತ್ತನ್ನು (ಚಾವಣಿಯನ್ನು) ಸಜ್ಜುಗೊಳಿಸುವ ಬಗೆಯನ್ನು, ಹಾಡುವವರಿಗೂ ಬಡಿಗರಿಗೂ ತಿಳಿಯುವ ಕನ್ನಡದಲ್ಲಿ ಬರೆಯಲು ಹೊರಟಾಗ ಕೆಲವು ಪದಗಳ ಬಳಕೆಯಲ್ಲಿ ತೊಡಕು ಕಾಣಿಸಿತು.

ಮೊದಲನೆಯದು ಸಣ್ಣದು. ಚಾವಣಿ ಎಂದರೆ ಮನೆಯ ಮೇಲಿನ ಹೊದಿಕೆಯೂ ಹೌದು, ಒಳಗೆ ಕುಳಿತು ತಲೆಯೆತ್ತಿದರೆ ಕಾಣುವ ಮೈಯೂ ಹೌದು. ನಮ್ಮ ಕಡೆ ಮಾಳಿಗೆ ಎಂದರೆ ಜನ ಮೇಲೆ ಹತ್ತಿ ಹೋಗುತ್ತಾರೆ; ಗವಂಡಿಗಳ (ಗಾರೆ ಕೆಲಸದವರ) ಬಾಯಲ್ಲಿರುವುದು ಛತ್ತು. ದೇವಾಲಯಗಳ ಬಗ್ಗೆ ಬರೆಯುವವರು ಒಳಮೈಗೆ ಭುವನೇಶ್ವರಿ, ವಿತಾನ ಎಂದು ಬಳಸುವುದುಂಟು, ಆದರೆ ಹತ್ತಡಿ ಎತ್ತರದ ಸ್ಲ್ಯಾಬನ್ನು ಭುವನೇಶ್ವರಿ ಎಂದು ಕರೆದರೆ ಗವಂಡಿ ನಕ್ಕಾನು. ‘ಛತ್ತಿನ ಒಳಮೈ’ ಸಾಕೆಂದು ನನ್ನ ಎಣಿಕೆ.

ನಿಜವಾದ ತೊಡಕು ಇರುವುದು ‘ಪ್ರತಿಧ್ವನಿ’ಯಲ್ಲಿ. ಕೆಳಗೆ ಶಹಾಬಾದ ಫರಸಿ (ಹಾಸುಗಲ್ಲು), ಮೇಲೆ ಕಾಂಕ್ರೀಟ್ ಸ್ಲ್ಯಾಬ್ ಇರುವ ಕೋಣೆಯಲ್ಲಿ ಹಾಡಿದ್ದು ಗೊಂಗೊಂ ಎಂದು ಕಲಸಿಕೊಂಡರೆ ಎಲ್ಲರೂ ಅದನ್ನು ಪ್ರತಿಧ್ವನಿ ಎನ್ನುತ್ತಾರೆ. ಆದರೆ ಪ್ರತಿಧ್ವನಿಯಾಗಿ ಮರಳಿ ಬಂದ ದನಿ ಬೇರೆಯಾಗಿ ಕೇಳಬೇಕಾದರೆ ಅದು ಮೂಲದನಿಗಿಂತ ಸುಮಾರು 0.1 ಸೆಕೆಂಡ್ ತಡವಾಗಿ ಬರಬೇಕು, ಅಂದರೆ ಎದುರಿನ ಗೋಡೆ ಸುಮಾರು 17 ಮೀಟರ್ ದೂರವಿರಬೇಕು. ವಿಜಯಪುರದ ಗೋಲಗುಂಬಜದಲ್ಲಿ ಕೇಳುವುದು ಅದು. ನೆಲದ ಮೇಲೆ ಕುಳಿತು ಹಾಡುವವರ ಬಾಯಿ ಮೂರಡಿ ಎತ್ತರದಲ್ಲಿದ್ದು, ಛತ್ತು ಹತ್ತಡಿಯಲ್ಲಿದ್ದರೆ, ದನಿ ಹೋಗಿ ಬರುವ ಹಾದಿ 14 ಅಡಿ, ಹಿಡಿಯುವ ಹೊತ್ತು 12 ಮಿಲಿಸೆಕೆಂಡಿನ ಆಸುಪಾಸು. ಇದು ಬೇರೆ ದನಿಯಾಗಿ ಕೇಳುವುದೇ ಇಲ್ಲ. ಮೈಕಿನಲ್ಲಿ ಮೂಲದನಿಯೊಡನೆ ಬೆರೆತು ಕೆಲವು ಸ್ವರಾಂಶಗಳನ್ನು ಅಳಿಸಿ, ಕೆಲವನ್ನು ಉಬ್ಬಿಸುತ್ತದೆ. ಹೀಗೆ ಎಲ್ಲ ಮೈಗಳಿಂದಲೂ ಮರಳಿದ ದನಿಗಳು ಒಂದರ ಮೇಲೊಂದು ಬಿದ್ದು ನಿಧಾನವಾಗಿ ಅಡಗುವುದಕ್ಕೆ ‘ಅನುರಣನ’ ಎಂಬ ಪದವೇ ಸರಿ. ಅಲಂಕಾರಶಾಸ್ತ್ರದಲ್ಲಿ ಗಂಟೆ ಬಾರಿಸಿದ ಮೇಲೂ ಉಳಿಯುವ ನಾದದ ಹೋಲಿಕೆಗೆ ಬಳಕೆಯಾದ ಪದವಿದು. 1895ರಿಂದ ಹಾರ್ವರ್ಡಿನ ಉಪನ್ಯಾಸ ಕೊಠಡಿಯೊಂದರಲ್ಲಿ ಕುರ್ಚಿಯ ಮೆತ್ತೆಗಳನ್ನು ತಂದಿಟ್ಟು, ತೆಗೆದು, ಭೌತವಿಜ್ಞಾನಿ ವಾಲೇಸ್ ಸೇಬೈನ್ ಅಳೆದದ್ದೂ ಈ ಅಡಗುವ ಹೊತ್ತನ್ನೇ. ಇದನ್ನು ‘ಅನುನಾದ’ದೊಡನೆ ಬೆರೆಸಬಾರದು, ಹತ್ತಡಿ ಎತ್ತರದ ಕೋಣೆಯಲ್ಲಿ ನೆಲಕ್ಕೂ ಛತ್ತಿಗೂ ನಡುವೆ ಸುಮಾರು 56 ಹರ್ಟ್ಸ್‌ನ ತಗ್ಗು ಸ್ವರದಂಥ ಕೆಲವು ಸ್ವರಗಳು ಮಾತ್ರ ಎದ್ದು ನಿಲ್ಲುವುದು ಅನುನಾದ.

‘ಸೌಂಡ್ ಪ್ರೂಫ್’ ಎಂಬ ಮಾತೂ ಇಲ್ಲಿ ದಾರಿ ತಪ್ಪಿಸುತ್ತದೆ. ಹೊರಗಿನ ಸದ್ದು ತಡೆಯಲು ಭಾರವೂ ಬಿರುಕಿಲ್ಲದ ಮುಚ್ಚಿಗೆಯೂ ಬೇಕು, ಒಳಗಿನ ದನಿ ಹೀರಲು ಗಾಳಿಯಾಡುವ ನಾರು ಬೇಕು. ಒಂದು ಧ್ವನಿತಡೆ, ಇನ್ನೊಂದು ಧ್ವನಿಹೀರಿಕೆ. ಬರೀ ಪಿಓಪಿಯ ಫಾಲ್ಸ್ ಸೀಲಿಂಗ್ ಮಾಡಿಸಿದರೆ ಹಾಡಿನ ದನಿ ಅದರಿಂದಲೂ ಪುಟಿಯುತ್ತದೆ.

ಕೊನೆಯದು, ಮೈಕಿನ ನೆತ್ತಿಯ ಮೇಲೆ ತೂಗುಹಾಕುವ ಹಲಗೆ. ಕಟ್ಟಿಗೆಯ ಚೌಕಟ್ಟಿನಲ್ಲಿ 100 ಮಿಲಿಮೀಟರ್ ದಪ್ಪದ, ಕಲ್ಲು ಕರಗಿಸಿ ಎಳೆದ ನಾರಾದ ರಾಕ್‌ವೂಲ್ ತುಂಬಿ, ಗಾಳಿ ತೂರುವ ಬಟ್ಟೆ ಬಿಗಿದು, ಸ್ಲ್ಯಾಬಿನಿಂದ ಅಷ್ಟೇ ಅಂತರ ಬಿಟ್ಟು ಕೊಂಡಿಗಳಿಂದ ಇಳಿಬಿಡುತ್ತಾರೆ. ಗಟ್ಟಿ ಮೈಗೆ ಅಂಟಿಕೊಂಡಂತೆ ಗಾಳಿಯ ಕಣಗಳ ಓಲಾಟ ತೀರ ಕಡಿಮೆಯಾದುದರಿಂದ, ಅಂತರ ಬಿಟ್ಟಷ್ಟೂ ತಗ್ಗು ಸ್ವರಗಳು ಹೆಚ್ಚು ಹೀರಲ್ಪಡುತ್ತವೆ. ಸ್ಟುಡಿಯೋದವರು ಇದನ್ನು ‘ಕ್ಲೌಡ್’ ಎನ್ನುತ್ತಾರೆ. ‘ಮೋಡ’ ಎಂದರೆ ಯಾರಿಗೂ ಏನೂ ಹೊಳೆಯದು. ‘ಹೊದಿಕೆ’ ಎಂದರೆ ಬಡಿಗ ಅದನ್ನು ನೇರವಾಗಿ ಸ್ಲ್ಯಾಬಿಗೇ ಬಡಿದುಬಿಡುತ್ತಾನೆ. ಮಂಟಪದಲ್ಲಿ ದೇವರ ಮೇಲೆ, ಮಾಡಿಗೆ ತಾಗದಂತೆ ಕಟ್ಟುವ ಬಟ್ಟೆಗೆ ಹಳೆಯ ಕನ್ನಡದಿಂದಲೂ ‘ಮೇಲ್ಕಟ್ಟು’ ಎಂಬ ಹೆಸರಿದೆ. ನಡುವಿನ ತೆರಪು ಈ ಪದದೊಳಗೇ ಇರುವುದರಿಂದ ಇದನ್ನೇ ಬಳಸಬೇಕೆಂದಿದ್ದೇನೆ. ಬೀದರ, ಯಾದಗಿರಿ ಕಡೆಯ ಮಾತಿನಲ್ಲಿ ಮೇಲ್ಕಟ್ಟು ಇಂದಿಗೂ ಉಳಿದಿದೆಯೇ, ಉಳಿದಿದ್ದರೆ ಬಟ್ಟೆಗೆ ಮಾತ್ರವೇ ಅಥವಾ ಹಲಗೆಗೂ ಸಲ್ಲುತ್ತದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.